ಸದ್ದಿಗೆ ದುಡ್ಡು ಹಾಕುವ ಮುನ್ನ

ಟರ್ಬೊ ಕಾರು ಕೊಂಡು, ಈಗ ಸೈಲೆನ್ಸರ್ ಬದಲಿಸಲು ಹೊರಟಿರುವ ಬೆಂಗಳೂರಿನ ಗೆಳೆಯ ಗೆಳತಿಯರೇ,

ನಿಮ್ಮನ್ನು ನಾನು ಬಲ್ಲೆ. ಭಾನುವಾರ ಬೆಳಕು ಹರಿಯುವ ಮುಂಚೆ ದೇವನಹಳ್ಳಿ ರಸ್ತೆ ಹಿಡಿದು ನಂದಿಯ ಕಡೆ ಹೊರಡುವವರು ನೀವು. ಪೋಲೊ ಜಿಟಿ, ಐ20 ಎನ್ ಲೈನ್, ಆಕ್ಟೇವಿಯಾ ಆರ್‌ಎಸ್, ಅದೃಷ್ಟ ಇದ್ದವರ ಕೈಯಲ್ಲಿ ಗಾಲ್ಫ್ ಜಿಟಿಐ. ತಿಂಡಿಗೆ ನಿಂತ ಹೋಟೆಲಿನ ಮುಂದೆ ಬಾನೆಟ್ ಎತ್ತಿದರೆ ಮೊದಲ ಪ್ರಶ್ನೆ "ಮ್ಯಾಪ್ ಮಾಡ್ಸಿದ್ಯಾ?", ಎರಡನೆಯದು "ಎಕ್ಸಾಸ್ಟ್ ಯಾವ್ದು?". ಎಂಜಿನ್ ಟೆಸ್ಟ್ ಬೆಂಚಿನ ಪಕ್ಕ ಕೆಲಸ ಮಾಡಿ ಕಿವಿ ಸವೆಸಿಕೊಂಡ ನನ್ನನ್ನು ನಿಮ್ಮಲ್ಲಿ ಹಲವರು ಅಂಕಲ್ ಎಂದು ಕರೆದು ಆ ಎರಡನೆಯ ಪ್ರಶ್ನೆಯನ್ನೇ ಕೇಳುತ್ತಿರುತ್ತೀರಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು.

ಬೈಯಲು ಕೂತಿಲ್ಲ. ಒಳ್ಳೆಯ ಎಂಜಿನ್ ಐದು ಸಾವಿರ ಆರ್‌ಪಿಎಂ ದಾಟಿ ಏರುವಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ನೀವು ಕಳಿಸುವ ಕೊಟೇಶನ್‌ಗಳನ್ನೂ ವಿಡಿಯೊಗಳನ್ನೂ ನೋಡಿದರೆ ಅನ್ನಿಸುವುದಿಷ್ಟು: ಪವರ್ ಎಂಬ ನೆಪದಲ್ಲಿ ಸದ್ದು ಕೊಳ್ಳುತ್ತಿದ್ದೀರಿ, ಆ ಸದ್ದನ್ನಾದರೂ ಕಿವಿಗೊಟ್ಟು ಕೇಳಿ ಕೊಳ್ಳುತ್ತಿಲ್ಲ.

ಪವರ್ ವಿಷಯ ಮೊದಲು ಮುಗಿಸೋಣ. ನಿಮ್ಮ ಕಾರಿನಲ್ಲಿ ಹೊಗೆ ಸಾಗುವ ದಾರಿ ಹೀಗೆ: ಸಿಲಿಂಡರಿನಿಂದ ಮ್ಯಾನಿಫೋಲ್ಡ್, ಅಲ್ಲಿಂದ ಟರ್ಬೊ, ಟರ್ಬೊಗೆ ಅಂಟಿಕೊಂಡಂತೆ ಡೌನ್‌ಪೈಪ್, ಅದರಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್. ಆಮೇಲೆ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಿಡ್ ಪೈಪ್, ರೆಸೊನೇಟರ್, ಹಿಂದೆ ಮಫ್ಲರ್, ಕೊನೆಗೆ ಹೊಳೆಯುವ ಟಿಪ್. ಅಂಗಡಿಯವರು 'ಕ್ಯಾಟ್-ಬ್ಯಾಕ್' ಅನ್ನುವುದು ಕ್ಯಾಟ್‌ನಿಂದ ಹಿಂದಕ್ಕೆ ಇರುವುದೆಲ್ಲವನ್ನೂ. 'ಆಕ್ಸಲ್-ಬ್ಯಾಕ್' ಅನ್ನುವುದು ಹಿಂದಿನ ಆಕ್ಸಲ್ ದಾಟಿದ ಮೇಲಿನ ಮಫ್ಲರ್ ಮತ್ತು ಟಿಪ್ಪನ್ನು ಮಾತ್ರ. ಹೊಗೆಗೆ ನಿಜವಾದ ಅಡ್ಡಿ ಇರುವುದು ಟರ್ಬೈನ್ ಚಕ್ರದಲ್ಲಿ, ಅದಾದ ಮೇಲೆ ಕ್ಯಾಟ್‌ನಲ್ಲಿ. ಅಲ್ಲಿಂದ ಮುಂದಿನ ಕೊಳವೆಯನ್ನು ಕಂಪನಿಯವರು 120 ಅಶ್ವಶಕ್ತಿಗೆ ಸಾಕಷ್ಟು ಸಡಿಲವಾಗಿಯೇ ಮಾಡಿರುತ್ತಾರೆ. ಹಾಗಾಗಿ ಸಣ್ಣ ಟರ್ಬೊ ಕಾರಿಗೆ ಬರೀ ಕ್ಯಾಟ್-ಬ್ಯಾಕ್ ಹಾಕಿಸಿ ನಾಲ್ಕೈದು ಅಶ್ವಶಕ್ತಿ ಸಿಕ್ಕಿತೆಂದರೆ ಅದೇ ಹೆಚ್ಚು. ಒಂದೇ ಕಾರನ್ನು ಬೆಳಿಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಡೈನೊ ಮೇಲೆ ಹತ್ತಿಸಿ ನೋಡಿ, ಅಷ್ಟು ವ್ಯತ್ಯಾಸ ಹವೆಯಿಂದಲೇ ಬರುತ್ತದೆ.

ಇನ್ನು ಕೊಳವೆಯ ಅಗಲ. ಎರಡೂವರೆ ಇಂಚಿನಿಂದ ಮೂರು ಇಂಚಿಗೆ ಹೋದರೆ ಬರೀ ಅರ್ಧ ಇಂಚು ತಾನೇ ಅನ್ನಿಸುತ್ತದೆ. ಒಳಗಿನ ಜಾಗ ಮಾತ್ರ ಶೇ. 44ರಷ್ಟು ಹೆಚ್ಚುತ್ತದೆ. 230, 245 ಅಶ್ವಶಕ್ತಿಯ ಆಕ್ಟೇವಿಯಾಗೆ, ಅದೂ ಮ್ಯಾಪ್ ಆಗಿದ್ದರೆ, ಮೂರು ಇಂಚಿಗೆ ಅರ್ಥವಿದೆ. ಒಂದು ಲೀಟರಿನ ಮೂರು ಸಿಲಿಂಡರ್ ಕಾರಿಗೆ ಎರಡು, ಎರಡೂಕಾಲು ಇಂಚು ಧಾರಾಳ. ಅದಕ್ಕೆ ಮೂರು ಇಂಚು ಹಾಕಿಸಿದರೆ ಗಂಟಲು ಒಡೆದ ಸದ್ದು ಬರುತ್ತದೆ, ಹಂಪ್ಸ್ ಮೇಲೆ ಅಡಿ ತಾಗುತ್ತದೆ, ಬೇರೇನೂ ಆಗುವುದಿಲ್ಲ.

"ಸ್ವಲ್ಪ ಬ್ಯಾಕ್ ಪ್ರೆಶರ್ ಇರ್ಬೇಕು, ಇಲ್ದಿದ್ರೆ ಪಿಕಪ್ ಹೋಗುತ್ತೆ" ಎಂಬ ಮಾತು ಪ್ರತಿ ಗ್ಯಾರೇಜಿನಲ್ಲೂ ಇದೆ. ಇದರ ಬೇರು ಟೂ-ಸ್ಟ್ರೋಕ್ ಕಾಲದ್ದು ಎಂದು ನನ್ನ ಗುಮಾನಿ. ನಿಮ್ಮ ಅಪ್ಪಂದಿರ ಯೆಜ್ಡಿ ಇತ್ತಲ್ಲ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಅಂಥ ಎಂಜಿನ್ನಿಗೆ ಕವಾಟಗಳಿಲ್ಲ. ಕೊಳವೆಯಿಂದ ಹಿಂದಿರುಗಿ ಬರುವ ಒತ್ತಡದ ಅಲೆಯೇ ಹೊರಕ್ಕೆ ಜಾರುತ್ತಿರುವ ಹೊಸ ಪೆಟ್ರೋಲ್-ಗಾಳಿಯನ್ನು ಒಳಕ್ಕೆ ದಬ್ಬುತ್ತದೆ. ಅಲ್ಲಿ ಸೈಲೆನ್ಸರ್ ಎಂದರೆ ಅರ್ಧ ಎಂಜಿನ್ ಇದ್ದಂತೆಯೇ. ಅದನ್ನು ಕೊರೆದವರ, ಒಳಗಿನ ಜಾಲರಿ ಕಿತ್ತವರ ಗಾಡಿಯ ಪಿಕಪ್ ನಿಜವಾಗಿಯೂ ಬಿದ್ದಿರಬೇಕು. ಫೋರ್-ಸ್ಟ್ರೋಕ್ ಟರ್ಬೊ ಕಾರಿನ ಕತೆ ಬೇರೆ. ಟರ್ಬೊ ದಾಟಿದ ಹೊಗೆಗೆ ಅಡ್ಡಿ ಕಡಿಮೆಯಾದಷ್ಟೂ ಒಳ್ಳೆಯದು. ಬ್ಯಾಕ್ ಪ್ರೆಶರ್‌ನಿಂದ ಅದಕ್ಕೆ ಯಾವ ಉಪಕಾರವೂ ಇಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಹೆಡರ್ ಕೊಳವೆಗಳ ಉದ್ದವೂ ಅಗಲವೂ ಲೆಕ್ಕಕ್ಕೆ ಬರುತ್ತವೆ, ಅದೂ ಹೊಗೆಯ ವೇಗ ಬೀಳಬಾರದೆಂಬ ಕಾರಣಕ್ಕೆ.

ಹೀಗೆ ಪವರ್ ಲೆಕ್ಕದಿಂದ ಹೊರಗಾಯಿತು. ಉಳಿದದ್ದು ಸದ್ದು, ನೀವು ದುಡ್ಡು ಕೊಡುತ್ತಿರುವುದೂ ಅದಕ್ಕೇ. ಇಲ್ಲಿ ಒಂದು ಮಾತು ನೆನಪಿರಲಿ: ಸೈಲೆನ್ಸರ್‌ಗೆ ತೆಗೆಯುವುದು ಗೊತ್ತು, ಸೇರಿಸುವುದು ಗೊತ್ತಿಲ್ಲ. ಎಂಜಿನ್ನಿನ ಸ್ವರ ಹುಟ್ಟುವುದು ಎಷ್ಟು ಸಿಲಿಂಡರ್, ಯಾವ ಕ್ರಮದಲ್ಲಿ, ಎಷ್ಟು ಅಂತರಕ್ಕೆ ಉರಿಯುತ್ತವೆ ಎಂಬುದರಿಂದ. ಆಡಿಯ ಐದು ಸಿಲಿಂಡರಿನ ಆ ವಿಚಿತ್ರ ಇಂಪು ಅದರ 1-2-4-5-3 ಕ್ರಮದ ಕೊಡುಗೆ. ಸುಬಾರುವಿನ ಗುಡುಗುಡು ಬರುವುದು ಮ್ಯಾನಿಫೋಲ್ಡಿನ ಕೊಳವೆಗಳು ಒಂದುದ್ದ ಒಂದು ಗಿಡ್ಡ ಇರುವುದರಿಂದ. ಮೂರು ಸಿಲಿಂಡರಿನ ಐ20ಗೆ ಎಷ್ಟೇ ದುಡ್ಡು ಸುರಿದರೂ ಅದು ಆರು ಸಿಲಿಂಡರಿನಂತೆ ಹಾಡುವುದಿಲ್ಲ. ಮಫ್ಲರ್ ತೆಗೆದರೆ ಗಟ್ಟಿಯಾಗಿ ಅರಚುವ ಮೂರು ಸಿಲಿಂಡರ್ ಆಗುತ್ತದೆ. ನಿಮ್ಮ ಎಂಜಿನ್ನಿನ ಸ್ವರವೇ ನಿಮಗೆ ಇಷ್ಟವಿಲ್ಲದಿದ್ದರೆ ಸೈಲೆನ್ಸರ್ ಬದಲಿಸಬೇಡಿ. ಕಾರು ಬದಲಿಸುವ ಕಾಲ ಬಂದಾಗ ಯೋಚಿಸಿ.

ಸ್ವರ ಇಷ್ಟವಿದೆ, ಅದು ತುಸು ಬಿಚ್ಚಿಕೊಳ್ಳಬೇಕು ಅಷ್ಟೇ, ಅನ್ನುವವರೊಂದಿಗೆ ಮಾತು ಮುಂದುವರಿಸುತ್ತೇನೆ. ನೀವು ಆರಿಸುವ ರೀತಿ ನನಗೆ ಗೊತ್ತು. ರಾತ್ರಿ ಹಾಸಿಗೆಯಲ್ಲಿ ಮಲಗಿ, ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೊ. ಕಾರು ನಿಂತಲ್ಲೇ ರೇಸ್ ಕೊಡುತ್ತಾರೆ, ಸುರಂಗದಲ್ಲಿ ಹಾಯುತ್ತಾರೆ. ಫೋನಿನ ಮೈಕ್ ಗಟ್ಟಿ ಸದ್ದನ್ನು ತಾನೇ ತಗ್ಗಿಸಿ, ಮೆಲ್ಲನೆಯದನ್ನು ತಾನೇ ಏರಿಸಿ ಎಲ್ಲವನ್ನೂ ಒಂದು ಮಟ್ಟಕ್ಕೆ ತಂದಿರುತ್ತದೆ. ಫೋನಿನ ಸ್ಪೀಕರಿನಲ್ಲಂತೂ 100 ಹರ್ಟ್ಜ್‌ಗಿಂತ ಕೆಳಗಿನದು ಕೇಳಿಸುವುದೇ ಇಲ್ಲ. ಮುಂದೆ ನಿಮ್ಮ ತಲೆ ಹಿಡಿಸುವುದು ಆ ಕೆಳಗಿನದೇ.

ಲೆಕ್ಕ ಹೀಗಿದೆ. ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ ಹೆಚ್ಚು ಕಡಿಮೆ 2,400 ಆರ್‌ಪಿಎಂ ಎಂದಿಟ್ಟುಕೊಳ್ಳಿ. ನಾಲ್ಕು ಸಿಲಿಂಡರ್ ಎಂಜಿನ್ ಆಗ ಸೆಕೆಂಡಿಗೆ 80 ಸಲ ಉರಿಯುತ್ತದೆ, ಅಂದರೆ 80 ಹರ್ಟ್ಜ್. ಕಾರಿನ ಒಳಭಾಗ ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಎರಡೂಕಾಲು ಮೀಟರ್ ಇದ್ದರೆ ಅಲ್ಲಿನ ಗಾಳಿ ತಾನಾಗಿ ಅನುರಣಿಸುವುದು ಸುಮಾರು 76 ಹರ್ಟ್ಜ್‌ನಲ್ಲಿ. ಎರಡೂ ಒಂದರ ಮೇಲೊಂದು ಕೂತವೋ, ಶುರು. ಇದಕ್ಕೆ ಡ್ರೋನ್ ಅನ್ನುತ್ತಾರೆ. ಸದ್ದು ಅನ್ನುವುದಕ್ಕಿಂತ ಒತ್ತಡ ಎನ್ನಬಹುದು. ಕಿವಿಯ ಒಳಗೆ ಏನೋ ಒತ್ತಿ ಹಿಡಿದ ಹಾಗೆ, ಪಕ್ಕದವರ ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ. ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯಿಲ್ಲದ ಹ್ಯಾಚ್‌ಬ್ಯಾಕ್‌ಗಳಲ್ಲಿ ಇನ್ನೂ ಜಾಸ್ತಿ. ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿಗೆ ಕಟ್ಟುಬಿದ್ದು ಒಂದೇ ವೇಗದಲ್ಲಿ ಹೋಗುವಾಗ, ಆ ಒಂದೂವರೆ ತಾಸು ನೀವು ಸರಿಯಾಗಿ ಅದೇ ಆರ್‌ಪಿಎಂನಲ್ಲಿ ಕೂತಿರುತ್ತೀರಿ. ವಿಡಿಯೊದಲ್ಲಿ ಕೇಳಿದ ಆರು ಸಾವಿರದ ಕೂಗು ವಾರಕ್ಕೆ ಒಂದೆರಡು ನಿಮಿಷ ಸಿಕ್ಕರೆ ಪುಣ್ಯ.

ಒಳ್ಳೆಯ ತಯಾರಕರು ದುಡಿಯುವುದೆಲ್ಲ ಇದಕ್ಕಾಗಿಯೇ. ರೆಸೊನೇಟರ್ ಇರುವುದು ಕರ್ಕಶ ಭಾಗವನ್ನು ಸವರಲು. ಇನ್ನೊಂದು ಉಪಾಯ, ಮುಖ್ಯ ಕೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಇನ್ನೊಂದು ಕೊಳವೆಯನ್ನು ಬೆಸೆಯುವುದು. ಅಲೆ ಅದರೊಳಗೆ ಹೋಗಿ ಬರುವಷ್ಟರಲ್ಲಿ ಅರ್ಧ ಸುತ್ತು ಹಿಂದೆ ಬಿದ್ದು, ಎದುರು ಬರುವ ಅಲೆಯನ್ನು ಹೊಡೆದುಹಾಕುತ್ತದೆ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. 80 ಹರ್ಟ್ಜ್ ಅಡಗಿಸಲು ಆ ಕೊಳವೆ ಒಂದೂವರೆ ಮೀಟರ್ ಉದ್ದ ಬೇಕು. ನಿಮ್ಮ ಫ್ಯಾಬ್ರಿಕೇಟರ್ ಈ ಲೆಕ್ಕ ಹಾಕಿ ತೋರಿಸಿದರೆ ಅವರನ್ನು ಬಿಡಬೇಡಿ. "ಡ್ರೋನ್ ಎಲ್ಲಾ ಬರಲ್ಲ ಸಾರ್" ಎಂದಷ್ಟೇ ಹೇಳಿದರೆ ಅದೇ ಅಂಗಡಿಯ ಪೈಪ್ ಹಾಕಿಸಿಕೊಂಡವರ ನಂಬರ್ ಕೇಳಿ.

ಅವರ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಿ. ಗಾಜು ಏರಿಸಿ, ಹಾಡು ನಿಲ್ಲಿಸಿ, ಟಾಪ್ ಗೇರಿನಲ್ಲಿ 80ರಿಂದ 100ರವರೆಗೆ ನಿಧಾನಕ್ಕೆ ಏರಿಸಲು ಹೇಳಿ. ಆಗುವುದಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ. ನನಗೆ ಗೊತ್ತಿರುವ ಅತ್ಯುತ್ತಮ ಡ್ರೋನ್ ಮೀಟರ್ ಅದು. ಅರ್ಧ ದಾರಿಗೆ ಬರುವ ಮೊದಲೇ "ತಲೆ ನೋಯ್ತಿದೆ ಕಣೋ" ಅಂದರೆ ಆ ಪೈಪ್ ನಿಮಗೆ ಬೇಡ. ಕೇಳುವ ಕಾರಿನ ಎಂಜಿನ್ನೂ ಗೇರ್‌ಬಾಕ್ಸೂ ನಿಮ್ಮದೇ ಆಗಿರಲಿ. ಸೆಡಾನಿನಲ್ಲಿ ಸುಮ್ಮನಿದ್ದದ್ದು ಹ್ಯಾಚ್‌ನಲ್ಲಿ ಬೊಬ್ಬೆ ಹಾಕಬಹುದು.

ಇನ್ನೊಂದು: ಆ ಕಾರಿಗೆ ಪೈಪ್ ಹಾಕಿಸಿ ಎಷ್ಟು ಕಾಲವಾಯಿತು ಎಂದು ಕೇಳಿ. ನೇರ ಕೊಳವೆಯ ಮಫ್ಲರಿನಲ್ಲಿ ತೂತುಗಳಿರುವ ಕೊಳವೆಯ ಸುತ್ತ ಗಾಜಿನ ನಾರು ತುಂಬಿರುತ್ತಾರೆ. ಬಿಸಿಗೆ, ಹೊಗೆಯ ಹೊಡೆತಕ್ಕೆ ಆ ನಾರು ವರ್ಷಗಳಲ್ಲಿ ಉದುರಿ ಹೋಗುತ್ತದೆ. ಅಗ್ಗದ ಮಫ್ಲರಿನಲ್ಲಿ ಬೇಗ ಹೋಗುತ್ತದೆ. ಮೊದಲ ತಿಂಗಳು ಮೆಚ್ಚಿದ ಸದ್ದು ಎರಡನೆಯ ವರ್ಷಕ್ಕೆ ಡಬ್ಬದ ಸದ್ದಾಗಿರುವುದು ಇದರಿಂದ. ಕೋಣೆಗಳಿರುವ ಹಳೇ ಮಾದರಿಯ ಮಫ್ಲರಿಗೆ ಈ ಕಾಯಿಲೆ ಇಲ್ಲ, ತೂಕ ಹೆಚ್ಚು.

ಈಗ ಜೆ.ಸಿ. ರಸ್ತೆಗೆ ಬನ್ನಿ. ಈಚೆಗೆ ಗೆಳೆಯರೊಬ್ಬರ ಮಗನ ಜೊತೆ ಅಲ್ಲಿನ ಸಂದಿಯೊಂದರ ವರ್ಕ್‌ಶಾಪಿಗೆ ಹೋಗಿದ್ದೆ. ಕಾರು ಲಿಫ್ಟ್ ಮೇಲಿತ್ತು, ಪೈಪು ಅಂದವಾಗಿ ಮಿಂಚುತ್ತಿತ್ತು. "304 ಸಾರ್, ಲೈಫ್ ಗ್ಯಾರಂಟಿ" ಅಂದರು ಅಂಗಡಿಯವರು, ಜೇಬಿನಿಂದ ಅಯಸ್ಕಾಂತ ತೆಗೆದು ಪೈಪಿಗೆ ಹಚ್ಚಿ ತೋರಿಸಿದರು. ಅಂಟಲಿಲ್ಲ. ಹುಡುಗನ ಮುಖ ಅರಳಿತು. ಅಯಸ್ಕಾಂತ ಹೇಳುವುದು ಅರ್ಧ ಮಾತ್ರ. ಕಾರ್ಖಾನೆಯ ಸೈಲೆನ್ಸರ್‌ಗಳಲ್ಲಿ ಬಹುಪಾಲು ಬಳಸುವ 409 ಸ್ಟೀಲಿಗೆ ಅದು ಅಂಟುತ್ತದೆ. 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304ಕ್ಕೆ ಅಂಟುವುದಿಲ್ಲ, ಸರಿ. ಆದರೆ ಮನೆಯ ಮೆಟ್ಟಿಲಿಗೆ, ಗೇಟಿಗೆ ಕಂಬಿ ಮಾಡುವ 202ಕ್ಕೂ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಬೆಲೆ ಕಡಿಮೆ, ಹೊಳಪು ಅಷ್ಟೇ. ಬಿಸಿಯೂ ತೇವವೂ ಸೇರಿದ ಕಡೆ ಬೇಗ ತುಕ್ಕು ಹಿಡಿಯುತ್ತದೆ. ಒಂದು ಹನಿ ದ್ರಾವಣ ಹಾಕಿ ಬ್ಯಾಟರಿ ತಾಗಿಸಿ ಬಣ್ಣ ನೋಡುವ ಪರೀಕ್ಷೆ ಸ್ಟೀಲ್ ವ್ಯಾಪಾರಿಗಳ ಹತ್ತಿರ ಇದೆ. ಮ್ಯಾಂಗನೀಸ್ ಜಾಸ್ತಿ ಇದ್ದರೆ ಕೆಂಪಗಾಗುತ್ತದೆ. ಅದನ್ನು ಮಾಡಿಸಿ, ಇಲ್ಲವೇ ಬಗ್ಗಿಸುವ ಮುಂಚೆ ಕೊಳವೆಯ ಮೇಲಿರುವ ಮಿಲ್ಲಿನ ಮುದ್ರೆ ನೋಡಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿ. ಬಿಲ್ಲಿನಲ್ಲಿ ಬರೆಯಲು ಹಿಂಜರಿದರೆ ಉತ್ತರ ಸಿಕ್ಕಂತಾಯಿತು.

ಆ ದಿನ ನಾನು ಹುಡುಗನಿಗೆ ಹೇಳಿದ್ದು ಫ್ಲಾಂಜಿನ ಬಾಯಿಗೆ ಬೆರಳು ಹಾಕಿ ಒಳಗಿನ ಬೆಸುಗೆ ಸವರಿ ನೋಡು ಎಂದು. ಹೊರಗೆ ಟಿಗ್ ವೆಲ್ಡಿಂಗ್ ಗೆರೆ ಎಳೆದಂತೆ ಸಾಲಾಗಿ ಕೂತಿತ್ತು. ಒಳಗೆ ಮಾತ್ರ ಕರಟಿದ ಬೆಲ್ಲದ ಪಾಕದ ಹಾಗೆ ಕಪ್ಪಗೆ ಗುಳ್ಳೆಗುಳ್ಳೆ. ಬೆಸೆಯುವಾಗ ಕೊಳವೆಯ ಒಳಕ್ಕೂ ಆರ್ಗಾನ್ ಬಿಡದಿದ್ದರೆ ಹೀಗಾಗುತ್ತದೆ; ಕಾದ ಲೋಹಕ್ಕೆ ಗಾಳಿ ತಾಗಿ ಅದರ ಕ್ರೋಮಿಯಂ ಸುಟ್ಟಿರುತ್ತದೆ. ಬಿರುಕು ಹುಟ್ಟುವುದು ಅಲ್ಲೇ. ಆರ್ಗಾನ್‌ಗೆ ದುಡ್ಡಾಗುತ್ತದೆ, ಹೊರಗೆ ಕಾಣುವುದಿಲ್ಲ, ಅದಕ್ಕೇ ಉಳಿಸುತ್ತಾರೆ. ಬಾಗಿದ ಕಡೆಗಳನ್ನೂ ನೋಡಿ. ಮ್ಯಾಂಡ್ರೆಲ್ ಯಂತ್ರದಲ್ಲಿ ಬಗ್ಗಿಸಿದ್ದರೆ ತಿರುವಿನಲ್ಲೂ ಕೊಳವೆ ದುಂಡಗೇ ಇರುತ್ತದೆ, ಒತ್ತಿ ಬಗ್ಗಿಸಿದ್ದರೆ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ. ಎರಡೂವರೆ ಇಂಚಿಗೆ ದುಡ್ಡು ಕೊಟ್ಟು ಪ್ರತಿ ತಿರುವಿನಲ್ಲೂ ಎರಡು ಇಂಚು ಪಡೆಯುವುದು ಹೀಗೆ.

ಟೈಟಾನಿಯಂ ಬಗ್ಗೆ ಕೇಳುವವರಿಗೆ: ಸ್ಟೀಲಿಗಿಂತ ತೂಕ ಅರ್ಧಕ್ಕೆ ಸ್ವಲ್ಪ ಹೆಚ್ಚು, ಬೆಲೆ ಹಲವು ಪಟ್ಟು. ಬೈಕಿನಲ್ಲಿ ಆ ವ್ಯತ್ಯಾಸ ಸವಾರನಿಗೆ ತಿಳಿಯುತ್ತದೆ. ಒಂದೂಕಾಲು ಟನ್ ಕಾರಿನಲ್ಲಿ ಏಳೆಂಟು ಕೆ.ಜಿ. ಉಳಿಸುವ ಆಸೆ ಇದ್ದರೆ ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ ನೋಡಿ.

ಜೋಡಿಸುವಾಗ ನೋಡಬೇಕಾದ್ದು ಎರಡು. 304 ಸ್ಟೀಲ್ ಬಿಸಿಗೆ ಹಿಗ್ಗುತ್ತದೆ. ಎರಡು ಮೀಟರ್ ಕೊಳವೆಯ ಬಿಸಿ ಸರಾಸರಿ 300 ಡಿಗ್ರಿ ಏರಿದರೆ ಉದ್ದ ಒಂದು ಸೆಂಟಿಮೀಟರ್ ಹೆಚ್ಚುತ್ತದೆ. ತಣ್ಣಗಿರುವಾಗ ಬಂಪರಿಗೆ ಅಂಟಿ ಕೂತ ಟಿಪ್ ಬಿಸಿಯಾದಾಗ ಬಂಪರನ್ನು ಕರಗಿಸುತ್ತದೆ. ಸುತ್ತ ಬೆರಳು ಆಡುವಷ್ಟು ಜಾಗ ಬಿಡಿಸಿ, ರಬ್ಬರ್ ಹ್ಯಾಂಗರ್‌ಗಳು ಹೊಸವಿರಲಿ. ಎರಡನೆಯದು ನಮ್ಮ ಹಂಪ್ಸ್. ಲಿಫ್ಟ್ ಮೇಲೆ ಚಕ್ರ ತೂಗಾಡುವಾಗ ಎಲ್ಲವೂ ಎತ್ತರದಲ್ಲೇ ಕಾಣುತ್ತದೆ. ಕಾರು ಇಳಿಸಿ, ನಾಲ್ಕು ಜನ ಕೂತು, ಅಂಗಡಿಯ ಬೀದಿಯಲ್ಲೇ ಇರುವ ಯಾವುದಾದರೂ ಹಂಪ್ಸ್ ಹತ್ತಿಸಿ. ಬೆಂಗಳೂರಿನಲ್ಲಿ ಅದಕ್ಕೆ ದೂರ ಹೋಗಬೇಕಾಗಿಲ್ಲ. ಅಡಿ ತಾಗಿದರೆ ದುಡ್ಡು ಕೊಡುವ ಮುಂಚೆಯೇ ತಾಗಲಿ.

ಕ್ಯಾಟ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನದು ಸಡಿಲ ಮಾತಲ್ಲ. ಸ್ಟೇಜ್ 2 ಮ್ಯಾಪಿಗೆ ಡೌನ್‌ಪೈಪ್ ಬದಲಿಸಬೇಕು, ಕ್ಯಾಟ್ ತೆಗೆದರೆ ಟರ್ಬೊ ಬೇಗ ಸುತ್ತುತ್ತದೆ, ಇದೆಲ್ಲ ನಿಜ. ನಿಜವಾದ ಪವರ್ ಇರುವುದೂ ಅಲ್ಲೇ. ಆದರೂ ತೆಗೆಯಬೇಡಿ. ಆ ಡಬ್ಬಿಯೊಳಗಿನ ಜೇನುಗೂಡಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ; ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ಬಹುಮಟ್ಟಿಗೆ ನಿರಪಾಯ ಮಾಡಿ ಬಿಡುತ್ತದೆ. ಅದಿಲ್ಲದ ಕಾರಿನ ಹಿಂದೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದವರ ಕಣ್ಣು ಉರಿಯುತ್ತದೆ, ಅವರಿಗೆ ನಿಮ್ಮ ಸ್ಟೇಜ್ ಎಷ್ಟೆಂದು ತಿಳಿಯಬೇಕಾಗಿಲ್ಲ. ಕ್ಯಾಟ್ ಸದ್ದನ್ನೂ ಸಾಕಷ್ಟು ನುಂಗುತ್ತದೆ. ತೆಗೆದ ಮೇಲೆ ಎಷ್ಟು ಒಳ್ಳೆಯ ಮಫ್ಲರ್ ಇದ್ದರೂ ಕರ್ಕಶ. ಕ್ಯಾಟ್‌ನ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ, ಎರಡೂ ಒಂದೇ ಮಾತು ಹೇಳತೊಡಗಿದರೆ ಇಸಿಯು P0420 ಎಂಬ ಕೋಡ್ ಬರೆದು ಚೆಕ್ ಎಂಜಿನ್ ದೀಪ ಹಚ್ಚುತ್ತದೆ. ಸೆನ್ಸರಿಗೆ ಸ್ಪೇಸರ್ ಹಾಕಿ, ಮ್ಯಾಪಿನಲ್ಲೇ ಆ ಕೋಡ್ ಅಳಿಸಿ ದೀಪ ಆರಿಸಿಕೊಡುವವರು ಇದ್ದಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ತಂದದ್ದು ಯಾಕೆ ಎಂದು ಬೆಂಗಳೂರಿನ ಗಾಳಿ ಉಸಿರಾಡುವವರು ಕೇಳಬಾರದು.

ಕ್ಯಾಟ್ ಬಗ್ಗೆ ಒಂದು ಲೌಕಿಕ ಮಾತೂ ಇದೆ. ಯಾವ ಕಾರಣಕ್ಕಾದರೂ ಬಿಚ್ಚಿದರೆ "ಹಳೇದು ಇಲ್ಲೇ ಬಿಡಿ ಸಾರ್" ಅನ್ನುವ ಅಂಗಡಿಯವರ ಔದಾರ್ಯಕ್ಕೆ ಮರುಳಾಗಬೇಡಿ. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ, ಒಳಗಿನ ಲೋಹಗಳಿಗಾಗಿ. ಕಂಪನಿಯ ಸೈಲೆನ್ಸರನ್ನೂ ಕತ್ತರಿಸಲು ಬಿಡಬೇಡಿ. ಕೆಲವು ಕಾರುಗಳಲ್ಲಿ ಉದ್ದಕ್ಕೂ ಒಂದೇ ತುಂಡಾಗಿ ಬರುತ್ತದೆ, ಬಿಚ್ಚಲು ಕಷ್ಟ ಎಂದು ಮಧ್ಯಕ್ಕೆ ಗ್ರೈಂಡರ್ ಇಡುತ್ತಾರೆ. ಅದನ್ನು ಇಡಿಯಾಗಿ ಇಳಿಸಿ, ಮನೆಗೆ ತಂದು, ಚೀಲ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವಾಗ, ಸರ್ವೀಸ್ ಸೆಂಟರಿನವರು ವಾರಂಟಿ ಇಲ್ಲ ಎಂದಾಗ, ಪೊಲೀಸರು ನಿಲ್ಲಿಸಿದ ಮಾರನೇ ದಿನ, ಅದರ ಬೆಲೆ ತಿಳಿಯುತ್ತದೆ.

ಪೊಲೀಸರ ಮಾತು ಬಂತು. ಕಾನೂನನ್ನು ಇಷ್ಟು ಹಿಂದಕ್ಕೆ ಇಟ್ಟದ್ದು ಮುಂದೆ ಇಟ್ಟರೆ ನೀವು ಓದುತ್ತಿರಲಿಲ್ಲ ಎಂಬ ಭಯದಿಂದ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಾದ ಮೇಲೆ 190(2)ನೇ ಕಲಂನಲ್ಲಿ ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕಾರೊಂದು ಮಾರುಕಟ್ಟೆಗೆ ಬರುವ ಮುನ್ನ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆದಾಗ 74 ಡೆಸಿಬೆಲ್ ಮೀರಬಾರದೆಂಬ ನಿಯಮ ಇದೆ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ ಎಂಬುದು ನೆನಪಿದ್ದರೆ, ನಿಮ್ಮ ನೇರ ಕೊಳವೆ ಎಲ್ಲಿ ನಿಲ್ಲುತ್ತದೆಂದು ಊಹಿಸಬಹುದು. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ನೀವೂ ನೋಡಿದ್ದೀರಿ. ಅವು ಹೆಚ್ಚಾಗಿ ಬೈಕಿನವು, ಅದರಲ್ಲಿ ಸಮಾಧಾನ ಪಡುವಂಥದ್ದು ಏನೂ ಇಲ್ಲ.

"ಆದ್ರೆ ಇದಕ್ಕೆ ಇ-ಮಾರ್ಕ್ ಇದೆ ಅಂಕಲ್" ಅನ್ನುತ್ತೀರಿ. ಸ್ಲೊವೇನಿಯಾದ ಅಕ್ರಪೊವಿಚ್, ಆಸ್ಟ್ರಿಯಾದ ರೀಮಸ್, ಇಂಗ್ಲೆಂಡಿನ ಮಿಲ್‌ಟೆಕ್ ಇವರ ಹಲವು ಪೈಪುಗಳಿಗೆ ಯುರೋಪಿನ ಮಾನ್ಯತೆಯ ಆ ಮುದ್ರೆ ಇರುತ್ತದೆ. ಅಲ್ಲಿನ ಶಬ್ದ ಪರೀಕ್ಷೆ ಪಾಸಾಗಿದೆ ಎಂದು ಅದರರ್ಥ, ಡ್ರೋನ್ ಪಳಗಿಸಿದ್ದಾರೆಂಬುದಕ್ಕೂ ಒಳ್ಳೆಯ ಗುರುತು. ಆರ್‌ಟಿಒ ಮುಂದೆ ಅದು ಪರವಾನಗಿ ಪತ್ರ ಆಗುವುದಿಲ್ಲ. ಜರ್ಮನಿಯಲ್ಲಿ ಕೆಲಸಕ್ಕಿರುವ ನಿಮ್ಮ ಅಣ್ಣ ಅದೇ ಪೈಪನ್ನು ಅದೇ ಗಾಲ್ಫ್‌ಗೆ ಹಾಕಿ ಕಾಗದಪತ್ರ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟುಕೊಂಡು ನಿಶ್ಚಿಂತೆಯಿಂದ ಓಡಾಡಬಹುದು. ಇಲ್ಲಿ ಆ ವ್ಯವಸ್ಥೆ ಇಲ್ಲ. ಇರಬೇಕಿತ್ತು ಎಂದು ನನಗೂ ಅನ್ನಿಸುತ್ತದೆ. ಅಳೆದು, ಮುದ್ರೆ ಹಾಕಿ ಒಪ್ಪುವ ದಾರಿ ಇದ್ದಿದ್ದರೆ ಕಳಪೆ ಕೊಳವೆಗಳ ವ್ಯಾಪಾರ ಅರ್ಧಕ್ಕೆ ಇಳಿಯುತ್ತಿತ್ತು. ವಿಮೆಯವರಿಗೆ ತಿಳಿಸದೆ ಮಾರ್ಪಡಿಸಿದ ಕಾರಿನ ಕ್ಲೇಮ್ ತಕರಾರಿಗೆ ಸಿಕ್ಕುವುದೂ ಇದೆ.

ಹಾಗಾದರೆ ಏನು ಮಾಡುವುದು? ಹೊಸ ಕಾರು ಬುಕ್ ಮಾಡುವವರಾದರೆ, ಕಂಪನಿಯೇ ಕೊಡುವ ಸ್ಪೋರ್ಟ್ ಎಕ್ಸಾಸ್ಟ್ ಆಯ್ಕೆ ಇದ್ದಲ್ಲಿ ಅದಕ್ಕೇ ದುಡ್ಡು ಹಾಕಿ. ದುಬಾರಿ ಅನ್ನಿಸುತ್ತದೆ, ಒಳಗೆ ಕವಾಟವಿಟ್ಟು ಊರೊಳಗೆ ಮೆತ್ತಗೆ, ಹೊರಗೆ ಬಿಚ್ಚುಗಂಟಲು ಮಾಡುವ ಕೆಲಸ ಅವರಷ್ಟು ಚೆನ್ನಾಗಿ ಯಾರೂ ಮಾಡಿಲ್ಲ, ಕಾಗದವೂ ಸರಿ ಇರುತ್ತದೆ. ಹಳೇ ಪೋಲೊ ಇಟ್ಟುಕೊಂಡು ಅದರ ಮಫ್ಲರ್ ತುಕ್ಕು ಹಿಡಿದು ಉದುರುತ್ತಿದ್ದರೆ, ಮೂಲದಷ್ಟೇ ಸದ್ದಿನ ಒಳ್ಳೆಯ ಸ್ಟೀಲಿನದ್ದನ್ನು ಹಾಕಿಸಿ, ಕ್ಯಾಟ್ ಮುಟ್ಟದೆ. ಇವೆರಡೂ ಸಾಲದು, ಪೂರ್ತಿ ಗಂಟಲು ಕೇಳಲೇಬೇಕು ಅನ್ನುವವರಿಗೆ ಇರುಂಗಾಟ್ಟುಕೋಟ್ಟೈ ಇದೆ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, 3.7 ಕಿ.ಮೀ., ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರು ದಾಟಿದ ಮೇಲೆ. ಟ್ರ್ಯಾಕ್ ಡೇ ಇದ್ದಾಗ ಆಕ್ಸಲ್-ಬ್ಯಾಕ್ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಜೋಡಿಸಿ, ದಿನವಿಡೀ ಅರಚಿಸಿ, ಸಂಜೆ ಬಿಚ್ಚಿಕೊಂಡು ಬನ್ನಿ. ಕ್ಲ್ಯಾಂಪಿನ ಜೋಡಣೆಯಾಗಿದ್ದರೆ ಬಿಚ್ಚಿ ಹಾಕಲು ಬಹಳ ಹೊತ್ತು ಬೇಡ. ಅದಕ್ಕೇ ಕೊಳ್ಳುವಾಗ ಬೆಸುಗೆಯದ್ದು ಬೇಡ, ಕ್ಲ್ಯಾಂಪಿನದ್ದೇ ಇರಲಿ ಅನ್ನುವುದು.

ಪಟಾಕಿ ಮ್ಯಾಪ್ ಬಗ್ಗೆ ಎರಡೇ ಮಾತು. ಆಕ್ಸಿಲರೇಟರ್ ಬಿಟ್ಟಾಗ ಢಂ ಢಂ ಅನ್ನಿಸಲು ಬೇಕೆಂದೇ ಪೆಟ್ರೋಲ್ ಸುರಿದು, ಕಿಡಿ ತಡಮಾಡಿ, ಕೊಳವೆಯಲ್ಲಿ ಉರಿಸುತ್ತಾರೆ. ಆ ಬಿಸಿಗೆ ಕ್ಯಾಟ್ ಸಾಯುತ್ತದೆ, ಟರ್ಬೊ ಬಳಲುತ್ತದೆ, ನಿಮ್ಮ ಬಗ್ಗೆ ಬೀದಿಯವರಿಗಿದ್ದ ಅಷ್ಟಿಷ್ಟು ಗೌರವವೂ ಹೋಗುತ್ತದೆ.

ಮತ್ತೆ ಅಪಾರ್ಟ್‌ಮೆಂಟಿನವರಿಗೆ ವಿಶೇಷವಾಗಿ: ರಾತ್ರಿಯಿಡೀ ತಣ್ಣಗಾದ ಕಾರು ಸ್ಟಾರ್ಟ್ ಆದ ಮೊದಲ ನಿಮಿಷ ಅತ್ಯಂತ ಗಟ್ಟಿ. ಕ್ಯಾಟ್ 250, 300 ಡಿಗ್ರಿ ಮುಟ್ಟುವವರೆಗೆ ಕೆಲಸಕ್ಕೆ ಇಳಿಯುವುದಿಲ್ಲವಾದ್ದರಿಂದ ಅದನ್ನು ಬೇಗ ಕಾಯಿಸಲೆಂದು ಇಸಿಯು ತಾನೇ ಆರ್‌ಪಿಎಂ ಏರಿಸಿ, ಕಿಡಿ ತಡಮಾಡಿ ಓಡಿಸುತ್ತದೆ. ಬೆಳಗಿನ ಐದಕ್ಕೆ, ಬೇಸ್‌ಮೆಂಟಿನ ಕಾಂಕ್ರೀಟ್ ಗೋಡೆಗಳ ನಡುವೆ, ಆ ಒಂದು ನಿಮಿಷ ಮೊದಲ ಮಹಡಿಯ ಮಗುವಿಗೆ ಕೇಳುತ್ತದೆ. ಪೈಪು ಆರಿಸುವಾಗ ಇದನ್ನೂ ಕೇಳಿಸಿಕೊಳ್ಳಿ: ಅಂಗಡಿಯವರಿಗೆ ಹೇಳಿ ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಹೋಗಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿಸಿ, ಶಟರ್ ಆಚೆ ನಿಂತು ಕೇಳಿ. ಸರಿ ಅನ್ನಿಸಿದರೆ ಬಾಕಿ ಹಣ ಕೊಡಿ. ಮೊದಲ 500 ಕಿ.ಮೀ. ಆದ ಮೇಲೆ ಪೈಪು ತಣ್ಣಗಿರುವಾಗ ಫ್ಲಾಂಜಿನ ನಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿಸಿ. ಹಿಗ್ಗಿ ಕುಗ್ಗಿ ಅವು ಸಡಿಲಾಗಿರುತ್ತವೆ, ಗ್ಯಾಸ್ಕೆಟ್ ಬಳಿ ಟಿಕ್ ಟಿಕ್ ಸದ್ದು ಶುರುವಾದ ಮೇಲೆ ಗ್ಯಾಸ್ಕೆಟ್ಟನ್ನೇ ಬದಲಿಸಬೇಕಾಗುತ್ತದೆ.

ಇಂತಿ,
ನಿಮ್ಮ ಹಾಗೆಯೇ ಸಂಬಳವನ್ನು ಪೆಟ್ರೋಲಿಗೆ ಸುರಿಯುವ ಒಬ್ಬ ಅಂಕಲ್